ಲೆಕ್ಕಕ್ಕುಂಟು, ಆಟಕ್ಕಿಲ್ಲ

ಡುಲೂತ್‌ನ ಎತ್ತುಸೇತುವೆಯ ಗಾಜಿನ ಗೂಡಿನಲ್ಲಿ
ನನ್ನದು ರಾತ್ರಿ ಪಾಳಿ.
ಮಾರ್ಚ್ ತಿಂಗಳು. ಸರೋವರ ಇನ್ನೂ ಬಾಯಿ ಬಿಟ್ಟಿಲ್ಲ.
ಹಡಗಿಲ್ಲದ ಸೇತುವೆಗೆ ಗ್ರೀಸು ಬಳಿಯುವುದು,
ಹೀಟರಿನ ಕಡೆ ಕಾಲು ಚಾಚುವುದು,
ಹತ್ತು ಗಂಟೆಗೆ ಹಿಬ್ಬಿಂಗಿನ ಸ್ಟೆನ್‌ಲುಂಡ್ ಮೇಷ್ಟ್ರು
ತಮ್ಮ ಅಡಿಗೆಮನೆಯ ಕಂಪ್ಯೂಟರಿನಲ್ಲಿ
ಒಂದು ಗುಂಡಿ ಒತ್ತುವುದನ್ನೇ ಕಾಯುವುದು.

ಒತ್ತಿದರೆ ಪಂದ್ಯ ಮುಗಿಯಿತು.
ನಲವತ್ತೆಂಟು ನಿಮಿಷದ ಬ್ಯಾಸ್ಕೆಟ್‌ಬಾಲು
ಒಂದು ಸೀನು ಸೀನುವಷ್ಟರಲ್ಲಿ.
ಚೆಂಡಿಲ್ಲ, ಬೆವರಿಲ್ಲ,
ಮರದ ನೆಲದ ಮೇಲೆ ಬೂಟು ಕಿರುಗುಟ್ಟುವುದಿಲ್ಲ.
ಬರುವುದು ಬರೀ ಪಟ್ಟಿ: ಯಾರು, ಎಷ್ಟು ನಿಮಿಷ, ಎಷ್ಟು ಎಸೆತ, ಎಷ್ಟು ತಪ್ಪು.
ಹನ್ನೆರಡು ಊರಿನ ಹನ್ನೆರಡು ಜನ
ಅದನ್ನು ಜಾತಕದ ಹಾಗೆ ಓದುತ್ತೇವೆ.

ಓಸಿಯನ್ ಬ್ರಾಟ್ ನನ್ನವನು.
ಒಂದು ಪಟ್ಟಿಯಿಂದ ಹೆಸರು, ಇನ್ನೊಂದರಿಂದ ಮನೆತನ
ಹೆಕ್ಕಿ ಅಂಟಿಸಿತ್ತು ಯಂತ್ರ.
ಮುಖ ಕೊಟ್ಟಿರಲಿಲ್ಲ; ಮುಖದ ಜಾಗದಲ್ಲಿ ಬೂದು ನೆರಳು.
ಮೊಂಟಾನಾದ ಯಾವುದೋ ಊರು ಅಂದಿತ್ತು. ನಕಾಶೆಯಲ್ಲಿ ಹುಡುಕಿದೆ,
ಸಿಗಲಿಲ್ಲ. ಇರಬಹುದು ಅಂದುಕೊಂಡೆ, ಚಿಕ್ಕದಿರಬಹುದು.
ಬಂದಾಗ ಹತ್ತೊಂಬತ್ತು, ಈಗ ಮೂವತ್ತೆಂಟು:
ನನ್ನ ಲೆಕ್ಕದಲ್ಲಿ ಮೂರು ಚಳಿಗಾಲ.
ಮೂರೇ ಚಳಿಗಾಲದಲ್ಲಿ ನನ್ನ ಕಣ್ಣೆದುರೇ
ಅವನ ಓಟ ಎಂಬತ್ತೆಂಟರಿಂದ ಮೂವತ್ತೊಂದಕ್ಕೆ ಇಳಿಯಿತು.
ಕೈ ಮಾತ್ರ ಕೆಡಲಿಲ್ಲ. ದೂರದ ಎಸೆತ, ಎಪ್ಪತ್ತಾರು.

ಕೊನೆಯ ಸರಣಿ ಥಂಡರ್ ಬೇಯ ಇಲ್ಮಾ ಕೊಸ್ಕಿಯ ಮೇಲೆ.
ಆಕೆಗೆ ಬೇಕರಿ; ನಾನು ಮಲಗುವ ಮುಂಚೆಯೇ ಎದ್ದಿರುತ್ತಾಳೆ.
ಕಂಡದ್ದಿಲ್ಲ. ಒಮ್ಮೆ ಏಲಕ್ಕಿ ಹಾಕಿದ ಬ್ರೆಡ್ಡು ಅಂಚೆಯಲ್ಲಿ ಬಂದಿತ್ತು,
ಅಂಚು ಮುರಿದಿತ್ತು, ರುಚಿ ಮುರಿದಿರಲಿಲ್ಲ.
ಎರಡು ಗೆದ್ದೆ. ಮೂರು ಸೋತೆ, ಅದರಲ್ಲಿ ಒಂದು ಒಂದೇ ಅಂಕದಿಂದ.
ಆರನೆಯದನ್ನು ಹೇಗೋ ಎಳೆದು ತಂದೆ.
ಅಷ್ಟರಲ್ಲಿ ಒಂದು ಸಾಲು: ಬ್ರಾಟ್, ಈ ಋತುವಿನ ಕೊನೆಗೆ ನಿವೃತ್ತಿ.
ಯಾರು ಕೇಳಿದರು ಅವನನ್ನು? ಯಾರಿಗೆ ಹೇಳಿದ?

ಏಳನೆಯ ರಾತ್ರಿ ಅವನ ಹೆಸರಿನ ಮುಂದೆ ಸೊನ್ನೆ ಬರೆದೆ.
ಸೊನ್ನೆ ನಿಮಿಷ. ಗೆಲ್ಲಬೇಕಿತ್ತು ನನಗೆ.
ಇಲ್ಮಾಳ ಸಂದೇಶ ಬಂತು, ಬಂಧುವನ್ನು ವಿಚಾರಿಸಿದ ಹಾಗೆ:
ಬ್ರಾಟ್ ಹೇಗಿದ್ದಾನೆ?
ಚೆನ್ನಾಗಿದ್ದಾನೆ ಅಂದೆ. ಇನ್ನೇನು ಹೇಳಲಿ,
ಲೆಕ್ಕಕ್ಕುಂಟು ಆಟಕ್ಕಿಲ್ಲದವನ ಬಗ್ಗೆ.

ಹತ್ತಕ್ಕೆ ಬರಬೇಕಾದ ಪಟ್ಟಿ ಹತ್ತೂಮುಕ್ಕಾಲಿಗೆ ಬಂತು,
ಮೇಷ್ಟ್ರ ಬೀದಿಯಲ್ಲಿ ಕರೆಂಟು ಹೋಗಿತ್ತಂತೆ.
ಹನ್ನೊಂದು ಅಂಕದಿಂದ ಸೋತಿದ್ದೆ.
ಇಬ್ಬರು ಹುಡುಗರು ಆರಾರು ತಪ್ಪು ಮಾಡಿ ಹೊರಬಿದ್ದು,
ಒಬ್ಬನ ಕಣಕಾಲು ಉಳುಕಿ,
ಬೇರೆ ಯಾರೂ ಉಳಿಯದೆ ಯಂತ್ರ ತಾನೇ ಅವನನ್ನು ಇಳಿಸಿತ್ತು.
ನಾಲ್ಕು ನಿಮಿಷ. ಒಂದು ಎಸೆತ, ಒಳಗೆ ಹೋಗಲಿಲ್ಲ.
ಹೋಗಿದ್ದರೂ ಏನೂ ಆಗುತ್ತಿರಲಿಲ್ಲ.

ಇನ್ನೊಮ್ಮೆ ಒತ್ತಿದ್ದರೆ ಬೇರೆ ಪಟ್ಟಿ ಬರುತ್ತಿತ್ತು, ಎಲ್ಲರಿಗೂ ಗೊತ್ತು.
ಅದರಲ್ಲಿ ನಾನು ಗೆದ್ದಿರಬಹುದು, ಅವನು ಬೆಂಚಿನಲ್ಲೇ ಕೂತು
ಮುಗಿದುಹೋಗಿರಬಹುದು.
ಒತ್ತಬಾರದು. ನಮ್ಮ ಹನ್ನೆರಡು ಜನಕ್ಕೆ
ಇರುವುದು ಅದೊಂದೇ ಧರ್ಮ.

ಬೆಳಗಿನ ಜಾವ ನಾಲ್ಕಕ್ಕೆ ವರ್ಷದ ಮೊದಲ ಹಡಗು
ಮಂಜುಗಡ್ಡೆ ಒಡೆಯುತ್ತ ಬಂದು ಕೂಗಿತು.
ನಾನೂ ಕೂಗಿಸಿದೆ. ಸನ್ನೆ ಒತ್ತಿ
ಇಡೀ ಸೇತುವೆಯನ್ನು ಮೇಲಕ್ಕೆ ಕಳಿಸಿದೆ.
ಕೆಳಗೆ ಹಾಲಿನ ವ್ಯಾನೊಂದು ದೀಪ ಹಚ್ಚಿಕೊಂಡೇ ನಿಂತಿತು.

ದಾಖಲೆ ಪುಸ್ತಕದಲ್ಲಿ ಹಡಗಿನ ಹೆಸರು, ಬಂದ ಹೊತ್ತು, ದಾಟಿದ ಹೊತ್ತು.
ಷರಾ ಕಾಲಮ್ಮಿನಲ್ಲಿ ಕೈ ತಾನಾಗಿ ಬರೆಯಿತು:
ಬ್ರಾಟ್, ನಾಲ್ಕು ನಿಮಿಷ.
ಆಮೇಲೆ ಹೊಡೆದುಹಾಕಿದೆ, ಒಂದೇ ಗೆರೆ,
ಅಡಿಯ ಅಕ್ಷರ ಕಾಣುವ ಹಾಗೆ.
ಕಾನೂನೂ ಹಾಗೆಯೇ ಹೇಳುತ್ತದೆ.