ಮುಚ್ಚಳ ಬ್ಯಾರೆ, ಬಾಟಲಿ ಬ್ಯಾರೆ

ಗಂಜ್ ಹಿಂದಿನ ಚಾಂದ್ ಪಾಷಾನ ಗುಜರಿ ಒಳಗ
ನನ್ನ ಕೆಲಸ ಸಣ್ಣದು:
ಮುಚ್ಚಳ ಬ್ಯಾರೆ, ಬಾಟಲಿ ಬ್ಯಾರೆ.
ಮುಚ್ಚಳದ್ದು ಒಂದು ಜಾತಿ, ಬಾಟಲಿದು ಇನ್ನೊಂದು,
ಕೂಡಿಸಿ ಕರಗಿಸಿದರ ಎರಡೂ ಕೆಡತಾವಂತ.
ಒತ್ತಿದರ ಬುಸ್ ಅನ್ನೋ ಪಂಪಿನ ಹೊಟ್ಯಾಗ
ಒಂದು ಸ್ಪ್ರಿಂಗು, ಒಂದು ಗಾಜಿನ ಗುಂಡು.
ಸ್ಪ್ರಿಂಗು ಕಬ್ಬಿಣದ ಡಬ್ಬಿಗೆ,
ಗುಂಡು ನನ್ನ ಮಗಳು ಶ್ರಾವಣಿಗೆ.
ನೂರಾ ಆರು ಕೂಡಿಸ್ಯಾಳ.
ಒಂದೂ ಆಟಕ್ಕ ಬರೂದಿಲ್ಲ, ಜ್ವಾಳಕ್ಕಿಂತ ಸಣ್ಣವು.

ಚೀಲ ಸುರುವಿದ ಕೂಡಲೆ
ಊರಿನ ಬಚ್ಚಲೆಲ್ಲಾ ನನ್ನ ಮುಂದ ಬೀಳ್ತದ.
ಯಾರು ಕೂದಲಿಗೆ ಬಣ್ಣ ಹಚ್ಚತಾರ, ಯಾರದು ಉದುರಾಕತ್ತದ,
ಯಾವ ಮನ್ಯಾಗ ಶಾಂಪೂ ತಳಕ್ಕ ನೀರು ಹಾಕಿ
ಅಲ್ಲಾಡಿಸಿ ಅಲ್ಲಾಡಿಸಿ ಮತ್ತೊಂದು ವಾರ ತೆಗದಾರ,
ಯಾವ ಮನ್ಯಾಗ ಅರ್ಧಕ್ಕ ಬ್ಯಾಸತ್ತು ಒಗದಾರ.
ಹೆಸರು ಗೊತ್ತಿಲ್ಲ. ಎದುರಿಗೆ ಬಂದರ
ವಾಸನಿ ಮ್ಯಾಲ ಹೇಳಬಲ್ಲೆ.

ಪೌಡರ್ ಡಬ್ಬಿ ಬಂದರ ಪಾಷಾಗ ಕೊಡೂದಿಲ್ಲ.
ತೂತು ತೂತಿನ ತಲಿ ಅದಕ್ಕ,
ರಂಗೋಲಿ ತುಂಬಿ ಬಾಗಲ ಮುಂದ ಬೋರಲ ಹಿಡದು ತಟ್ಟಿದರ
ಚುಕ್ಕಿ ತಾವ ಬೀಳ್ತಾವ.
ಲಿಪ್‌ಸ್ಟಿಕ್ಕಿನ ಮಾತು ಬ್ಯಾರೆ:
ಪ್ಲಾಸ್ಟಿಕ್ಕು, ತಗಡು, ಒಳಗ ಉಗುರಿನಷ್ಟು ಮೇಣ,
ಬಿಡಿಸಾಕ ಜಾಲಿ ಮುಳ್ಳು ಬೇಕು.
ಸಂಜೀಕ ಎಷ್ಟು ತಿಕ್ಕಿ ತೊಳದರೂ ಬೆರಳ ಸಂದ್ಯಾಗ
ಯಾರ್ಯಾರದೋ ಐದು ಮದುವಿ ಕೆಂಪು ಉಳದಿರತದ.

ಮಿಕ್ಸ್ ಮಾಲಿಗೆ ಕಿಲೋಕ್ಕ ಎಂಟು,
ಬಿಡಿಸಿದ್ದಕ್ಕ ಇಪ್ಪತ್ತೆರಡು.
ನಡುವಿನ ಹದಿನಾಕರಾಗ
ಮೂರು ನನ್ನ ಬೆರಳಿಗೆ, ಉಳದದ್ದು ತಕ್ಕಡಿಗೆ.
ಕನ್ನಡಿ ಅಂಟಿದ ಡಬ್ಬಿ ಮಾತ್ರ ಯಾರಿಗೂ ಬ್ಯಾಡ.
"ಒಡಿ, ನರಸಮ್ಮ" ಅಂತಾನ ಪಾಷಾ.
ಒಡಿಯೂದಿಲ್ಲ ನಾನು. ಮನಿ ಗ್ವಾಡಿಗೆ ಅಂಟಿಸ್ತೀನಿ,
ಅದ ಲಿಪ್‌ಸ್ಟಿಕ್ಕಿನ ಮೇಣ ಹಚ್ಚಿ.
ಈಗ ಒಂಬತ್ತು ಅದಾವ, ಅಂಗೈಗಿಂತ ಸಣ್ಣವು,
ಒಂದರಾಗ ಮೂಗು, ಒಂದರಾಗ ಕಿವಿ.
ಇಡೀ ಮಕ ನೋಡಬೇಕಂದರ
ಗ್ವಾಡಿಗುಂಟ ನಡೀಬೇಕು.

ಸ್ಟೇಷನ್ ರೋಡಿನ ಒಂದು ಚೀಲದಾಗ
ತಿಂಗಳಿಗೆರಡು, ಬೆಳ್ಳಗ ಮಾಡೋ ಕ್ರೀಮಿನ ಟ್ಯೂಬು.
ಕತ್ತರಿಲೆ ಹೊಟ್ಟಿ ಸೀಳಿ
ಬೆರಳಿನ ಗೆರಿ ಕಾಣೂಹಂಗ ಬಳದು ಒಗೀತಿದ್ದಳು ಯಾರೋ.
ಮೂರು ವರ್ಷ.
ರಾಯಚೂರಿನ ಬಿಸಿಲು ತನ್ನ ಕೆಲಸ ಬಿಡಲಿಲ್ಲ,
ಅಕೀನೂ ಬಿಡಲಿಲ್ಲ.
ಆ ಸೀಳಿದ ಟ್ಯೂಬು ನೋಡಿ ಒಮ್ಮೊಮ್ಮೆ ಸಿಟ್ಟು ಬರತಿತ್ತು,
ಯಾರ ಮ್ಯಾಲ ಅಂತ ಕೇಳಬ್ಯಾಡ್ರಿ.

ದೀಪಾವಳಿ ಮುಂದ ಬಂದ ಚೀಲದಾಗ
ಟ್ಯೂಬು ಒಂದ. ಸೀಳಿಲ್ಲ. ಮುಕ್ಕಾಲು ತುಂಬ್ಯದ,
ಮುಚ್ಚಳ ಬಿಗಿಯಾಗಿ ತಿರುವ್ಯಾಳ.
ಆಮ್ಯಾಲೆ ಐದು ಚೀಲ ಬಂದವು, ಟ್ಯೂಬು ಬರಲಿಲ್ಲ.
ಕಾಡಿಗಿ ಡಬ್ಬಿ ಬಂತು, ಹಸರು ಉಗುರು ಬಣ್ಣದ ಸೀಸೆ ಬಂತು,
ಅಂದಮ್ಯಾಲ ಮನಿ ಬಿಟ್ಟಿಲ್ಲ ಅಕಿ.
ಲಗ್ನ ಕೂಡಿತೋ, ಮುರೀತೋ, ಸುಮ್ನ ಸಾಕಾತೋ.
ಗುಜರಿಗೆ ಖಾಲಿ ಆದದ್ದು ಬರತದ,
ಕಾರಣ ಬರೂದಿಲ್ಲ.

ಅಷ್ಟು ದಿನ ಅದನ್ನ ಕಿಡಕ್ಯಾಗ ಇಟ್ಟಿದ್ದೆ.
ಮಗಳು ಕೇಳಿದಳು, "ಯವ್ವಾ, ಇದು ನನಗಿರಲಿ?"
ಹನ್ನೆರಡು ವರ್ಷದ ಕೂಸು,
ನನ್ನಂಗ, ಹಸಿ ಎರಿ ಮಣ್ಣಿನ ಬಣ್ಣ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಕೈಗಾಡಿ ಬೋರಲ ಹಾಕಿ
ಅಚ್ಚಿಗೆ ಇಡೀ ಟ್ಯೂಬು ಅಕಿ ಕೈಲೆ ಹಿಂಡಿಸಿದೆ.

ಅಚ್ಚೇನು ಬೆಳ್ಳಗಾಗಲಿಲ್ಲ.
ಆದರ ಗಂಜಿನಿಂದ ಮನೀತನಕ
ನಾಕು ದಿನ ಗಾಡಿ ಕಿರ್ ಅನ್ನಲಿಲ್ಲ.
ಐದನೇ ದಿನ ಮತ್ತ ಶುರು ಆದಾಗ
ಶ್ರಾವಣಿ ತಾನ ಓಡಿಹೋಗಿ
ಮೆಕ್ಯಾನಿಕ್ ಅಂಗಡಿಯಿಂದ ಕರಿ ಎಣ್ಣಿ ತಂದಳು,
ಒಂದು ಶಾಂಪೂ ಬಾಟಲಿ ತುಂಬ.
ಗಾಡಿ ಕೆಳಗಿಂದ ಎದ್ದು ಬಂದಾಗ
ಗಲ್ಲದ ಮ್ಯಾಲ ಬೊಟ್ಟಿನಷ್ಟು ಹತ್ತಿತ್ತು.
ಗ್ವಾಡಿಗುಂಟ ನಡದು ನೋಡಿಕೊಂಡಳು,
ಏಳನೇ ಕನ್ನಡ್ಯಾಗ ಸಿಕ್ಕಿತು.
ಒರಸಲಿಲ್ಲ.