ಮೂತಿ

ಹೆಂಚಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ
ಮಾಲೂರಿನ ಜೇಡಿಮಣ್ಣು ಎಲ್ಲಿಗೂ ಹೋಗಲಿಲ್ಲ.
ಹದಿನೆಂಟು ವರ್ಷ ಒಂದೇ ಅಚ್ಚಿನ ಹೆಂಚು ಒತ್ತಿದ ಕೈ
ಟೀ ಕುಡಿಕೆ ಮಾಡಲು ಕೂತಿತು.

ಹೊಟ್ಟೆ ಸುಲಭ, ತಿಗರಿಯೇ ಉಬ್ಬಿಸಿ ಕೊಡುತ್ತೆ.
ಹಿಡಿಕೆ, ಮುಚ್ಚಳ ಹೇಗೋ ಬಂತು.
ಮೂತಿ ಮಾತ್ರ
ನೆಟ್ಟಗೆ ಅಂಟಿಸಿದ್ದು, ಒಣಗುವಷ್ಟರಲ್ಲಿ
ಎಡಕ್ಕೆ ತಿರುಗಿ
ಮುನಿಸಿಕೊಂಡು ಕೂತಿರುತ್ತಿತ್ತು.

ಮೊದಲ ಆವಿಗೆಗೆ ಹನ್ನೊಂದು ಇಟ್ಟೆ.
ಬದುಕಿದ್ದು ನಾಲ್ಕು.
ಬೆಲೆ ಹೇಳಲು ನಾಲಿಗೆ ಏಳದೆ ಹಂಚಿಬಿಟ್ಟೆ.

ಪಿಳ್ಳಮ್ಮ ಅದರಲ್ಲಿ ಬಸಳೆ ಬಳ್ಳಿಗೆ ನೀರು ಬಿಡುತ್ತಾಳೆ.
ಯರ್ರಪ್ಪ ಕರುವಿಗೆ ಔಷಧಿ ಕುಡಿಸಿ
'ಗೊಟ್ಟಕ್ಕಿಂತ ವಾಸಿ ಕಣಣ್ಣಾ' ಅಂದ.
ಮಹಬೂಬ್ ಬೀ ವಜೂಗೆ ಇಟ್ಟುಕೊಂಡಳು.
ಅಜ್ಜಿ ಇದ್ದಿದ್ದರೆ 'ಗಿಂಡಿ' ಅಂದು ಸುಮ್ಮನಾಗುತ್ತಿದ್ದಳು.
ಟೀ?
ಅದು ಎಲ್ಲರ ಮನೆಯಲ್ಲೂ
ಇಕ್ಕಳದಲ್ಲಿ ಹಿಡಿದ ಪಾತ್ರೆಯಿಂದ ನೇರ ಸ್ಟೀಲ್ ಲೋಟಕ್ಕೆ.

ನಾಲ್ಕನೆಯದು ನನ್ನದು.
ಬಗ್ಗಿಸಿ ನಿಲ್ಲಿಸಿದ ಮೇಲೂ
ಒಂದು ಹನಿ ಗದ್ದಕ್ಕಿಳಿದು ಚಾಪೆಗೆ ಬೀಳುತ್ತೆ.
ತುಟಿ ಇನ್ನೂ ತೆಳ್ಳಗೆ, ಇನ್ನೂ ಚೂಪಾಗಿ
ಹಸಿಯಿದ್ದಾಗಲೇ ಕೊಯ್ಯಬೇಕಿತ್ತು.
ಸುಟ್ಟ ಮೇಲೆ ಗೊತ್ತಾಗಿದ್ದು.

ನಿನ್ನೆ ಮಹಬೂಬ್ ಬೀ ಬಂದಿದ್ದಳು.
ಹಠಕ್ಕೆ ಅದರಲ್ಲೇ ಟೀ ತಂದೆ. ಚಾಪೆ ನೆನೆಯಿತು.
'ನಂದೂ ಸೋರುತ್ತೆ ಭಾಯಿ,
ದಿನಕ್ಕೆ ಐದು ಸಲ ನೋಡ್ತೀನಲ್ಲ.
ನೆಟ್ಟಗೆ ಹಿಡೀಬೇಡ.
ಅದರ ಮುನಿಸು ಯಾವ ಕಡೆಗೋ ಆ ಕಡೆಗೇ ವಾಲಿಸು.'

ಎಡಕ್ಕೆ ವಾಲಿಸಿದೆ.
ಸೋರಿತು,
ಮೊದಲಿಗಿಂತ ಸ್ವಲ್ಪ ಕಡಿಮೆ.