ಉಪ್ಪಿನ ಪುಡಿ, ಕಬ್ಬಿಣದ ರೆಕ್ಕೆ

ರೆಕ್ಕೆಗೆ ಮೊದಲು ತಂತಿ ಬೇಕು.
ಲಾಂಡ್ರಿಯಿಂದ ಕೋಟಿನ ಜೊತೆ ಪುಕ್ಕಟೆ ಬಂದ ಹ್ಯಾಂಗರಿನದ್ದು.
ಎಳೆದು, ಬಗ್ಗಿಸಿ, ಎಂಟರ ಅಂಕಿ ಮಾಡಬೇಕು;
ಎಂಟು ಬರದಿದ್ದರೆ ನೆಲಗಡಲೆಯಾದರೂ ನಡೆದೀತು,
ಆರು ವರ್ಷದವರು ತಮ್ಮ ಬೆನ್ನನ್ನು
ಕನ್ನಡಿಯಲ್ಲಿ ನೋಡಿಕೊಳ್ಳುವುದಿಲ್ಲ.

ಪೇಟೆಯಲ್ಲಿ ಒಂದು ಜೊತೆ ರೆಕ್ಕೆಗೆ ಹನ್ನೆರಡು ಯೂರೋ.
ಬರುವ ಮಕ್ಕಳು ಒಂಬತ್ತು. ಲೆಕ್ಕ ಹಾಕಿ
ಅಟ್ಟ ಹತ್ತಿದೆ.
ಡೀಲಿಯಾ ಅಜ್ಜಿಯ ಅಡುಗೆಮನೆಯ ಜಾಲರಿ ಪರದೆ
ದಿಂಬಿನ ಚೀಲದೊಳಗೆ ನಾಲ್ಕು ಮಡಿಕೆಯಾಗಿ ಮಲಗಿತ್ತು,
ಒಲೆಗೆ ಉರಿಸುತ್ತಿದ್ದ ಜೌಗುಮಣ್ಣಿನ ಹೊಗೆ ಇನ್ನೂ ಅದರಲ್ಲಿ.
ಕತ್ತರಿ ಹಿಡಿದ ಕೈ ಒಂದು ಗಳಿಗೆ ನಿಂತಿತು.
ಆಮೇಲೆ ನಡೆಯಿತು.

ಶನಿವಾರ, ಮೂರು ಗಂಟೆ. ಲೀಟ್ರಿಮಿನ ಗಾಳಿ
ಗೇಟಿಗೆ ಕಟ್ಟಿದ ಬಲೂನುಗಳನ್ನು
ಒಂದರ ಮೇಲೊಂದು ಜಗಳಕ್ಕೆ ಬಿಟ್ಟಿತ್ತು.
ಮಕ್ಕಳು ಬಂದರು, ಅಂಟು ಬಂತು,
ಅಂಟು ಮೇಜಿಗೆ, ಮೇಜಿನಿಂದ ತೋಳಿಗೆ, ತೋಳಿನಿಂದ ನಾಯಿಗೆ.
ಐಸ್‌ಕ್ರೀಮಿನ ಕಡ್ಡಿ ಏಳು, ಸಾಲಾಗಿ ಅಂಟಿಸಿದರೆ ಬಾಗಿಲು.
ಪಾಚಿ ಹೊಸ್ತಿಲು. ಕಪ್ಪೆಚಿಪ್ಪು ಬಚ್ಚಲು.
ಓಕ್ ಕಾಯಿಯ ಟೊಪ್ಪಿ ಚಹಾದ ಬಟ್ಟಲು.
"ಕಿನ್ನರಿಯರು ಕಕ್ಕಸಿಗೆ ಎಲ್ಲಿ ಹೋಗ್ತಾರೆ?" ಸೈವ್ ಕೇಳಿದಳು;
ಅದಕ್ಕೂ ಒಂದು ಗುಂಡಿ ಸಿಕ್ಕಿತು, ಅಂಗಿಯದು.

ಮಂತ್ರದ ಪುಡಿ ಅಂದರೆ ಉಪ್ಪು.
ಬಣ್ಣದ ಸೀಮೆಸುಣ್ಣವನ್ನು ಅದರೊಳಗೆ ಉರುಳಿಸಿ ಉರುಳಿಸಿ
ಗುಲಾಬಿಯಾದ ಮೇಲೆ ಜಾಮಿನ ಸೀಸೆಗೆ ತುಂಬಬೇಕು.
ಕೊಂಚ ಚೆಲ್ಲಬೇಕು. ಹೇಳದಿದ್ದರೂ ಚೆಲ್ಲುತ್ತದೆ.

ಒಲೆಯ ಪಕ್ಕದ ಕುರ್ಚಿಯಲ್ಲಿ ಪ್ಯಾಕಿ ಅಜ್ಜ,
ತೊಂಬತ್ತಮೂರು, ಎಡಗಿವಿ ಮಾತ್ರ ಕೇಳಿಸುವವನು,
ಹೊಲದ ನಡುವಿನ ಒಂಟಿ ಮುಳ್ಳುಮರವನ್ನು ಬಳಸಿಕೊಂಡೇ
ಎಪ್ಪತ್ತು ವರ್ಷ ಉತ್ತವನು,
ಅವರ ಹೆಸರನ್ನು ಎಂದೂ ಎತ್ತದವನು,
'ಅವರು' ಅನ್ನುತ್ತಾನೆ, ಅಷ್ಟೇ,
ಸಾಲ ಕೊಟ್ಟವರ ಬಗ್ಗೆ ಮಾತಾಡುವ ಹಾಗೆ.
ಕೇಳಿದ:
"ಬೆನ್ನಿಗೆ ಕಬ್ಬಿಣ. ಕೈಗೆ ಉಪ್ಪು.
ಅವರನ್ನ ಕರೀತಿದೀಯೋ, ಓಡಿಸ್ತಿದೀಯೋ?"

ಗೊತ್ತಿತ್ತು ನನಗೆ. ಮರೆತಿತ್ತು.
ಈ ಮನೆಯಲ್ಲಿ ತೊಟ್ಟಿಲಿನ ಮೇಲೆ ಇಕ್ಕಳ ಅಡ್ಡ ಇಡುತ್ತಿದ್ದರು,
ಕೂಸಿನ ಅಂಗಿಯಂಚಿಗೆ ಉಪ್ಪಿನ ಗಂಟು.
ಗೋಡೆಯ ಫೋಟೋದಲ್ಲಿ ಲಂಗ ತೊಟ್ಟು ನಿಂತ ಹುಡುಗಿ
ಯಾವ ಅಕ್ಕನೂ ಅಲ್ಲ, ಅಜ್ಜನೇ:
ಗಂಡೆಂದು ತಿಳಿದರೆ ಒಯ್ದಾರೆಂದು
ಐದು ತುಂಬುವವರೆಗೆ ಅವ್ವ ಲಂಗದಲ್ಲೇ ಬಚ್ಚಿಟ್ಟಿದ್ದಳು.
ಅವನಿಗಿಂತ ಮೊದಲು ಹುಟ್ಟಿದವನನ್ನು
ಬಚ್ಚಿಟ್ಟಿರಲಿಲ್ಲ.

ಕಾಹಲ್ ಆ ಹೊತ್ತಿಗೆ, ತಾನೇ ಆರಿಸಿಕೊಂಡ ಹಸಿರು ಲಂಗದಲ್ಲಿ,
ಮೇಜಿನ ಕೆಳಗೆ ಕೂತು ತನ್ನ ಬಾಗಿಲಿಗೆ ಹಿಡಿ ಅಂಟಿಸುತ್ತಿದ್ದ.
ಒಂದು ಮಣಿ. ಹಿಂಬದಿಗೆ, ಗೋಡೆಗೆ ತಾಗುವ ಕಡೆಗೆ.
"ಮುಂದೆ ಹಾಕೋ, ಕಾಣಲಿ."
"ಬೇಡ. ಅವರ ಮನೆ. ನಾವು ತೆಗೀಬಾರ್ದು."
ಅಜ್ಜ ಎಡಗಿವಿಯನ್ನು ಇತ್ತ ತಿರುಗಿಸಿದ.
"ಯಾರ ಮಗ ಅದು?"
"ಅಂಚೆಯ ಫಿನೂಲಾಳ ಮಗ."
"ಹ್ಞೂಂ. ಅವನಿಗೆ ಕೇಕು ಎರಡು ತುಂಡು ಕೊಡು."

ಆರಕ್ಕೆ ರೆಕ್ಕೆಗಳು ಕಾರಿನ ಬಾಗಿಲಿಗೆ ಸಿಕ್ಕಿ, ಬಗ್ಗಿ,
ಒಂದೊಂದಾಗಿ ಊರ ಕಡೆ ಹೋದವು.
ಹುಟ್ಟುಹಬ್ಬದ ಮುರೆನ್ ಸೋಫಾದ ಮೇಲೆ ಬೋರಲು ಬಿದ್ದು ನಿದ್ದೆ,
ಕೈಯಲ್ಲಿ ನಕ್ಷತ್ರ ಕಳಚಿದ ಬರಿ ಕೋಲು.
ತಂತಿ ಚುಚ್ಚೀತೆಂದು ಬಿಚ್ಚಹೋದೆ.
"ಇರಲಿ," ಅಂದ ಅಜ್ಜ.
ಎಡರೆಕ್ಕೆಯ ಮೂಲೆಯಲ್ಲಿ ಒಂದು ಸುಟ್ಟ ತೂತು:
ಕಿಟಕಿಯಲ್ಲಿ ಸಿಗರೇಟು ಹಿಡಿದು ನಿಂತು
ಇವನು ಹೊಲದಿಂದ ಬರುವುದನ್ನು ಕಾಯುತ್ತಾ
ಡೀಲಿಯಾ ಅಜ್ಜಿ ಯಾವತ್ತೋ ಮಾಡಿದ್ದು.
ಅಜ್ಜ ಕಿರುಬೆರಳನ್ನು ಅದರೊಳಗೆ ತೂರಿಸಿ
ಸುಮ್ಮನೆ ಕೂತ,
ಮಗು ಉಸಿರಾಡಿದಾಗೆಲ್ಲ ಬೆರಳು ಏರಿ ಇಳಿಯಿತು.

ಮರುದಿನ ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ
ಅವನ ಕಪ್ಪು ಕೋಟಿನ ಜೇಬಿನಿಂದ
ಗುಲಾಬಿ ಉಪ್ಪು ಸಣ್ಣಗೆ ಉದುರಿತು.
ಪಾದ್ರಿ ನೋಡಿದರು. ನಾನು ನೋಡಿದೆ.
ಅಜ್ಜ ಕಣ್ಣು ಮುಚ್ಚಿಕೊಂಡಿದ್ದ,
ಅಥವಾ ಹಾಗೆ ತೋರಿಸುತ್ತಿದ್ದ.